ಕ್ಯಾಸೆಟ್ಟಿನ ನಾಲ್ಕು ಸೆಕೆಂಡು

೯ ಜನವರಿ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ಮಂಡಿ ನೋವೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನಿನ್ನ ಪಾರ್ಸೆಲ್ ಬಂದು ಐದು ವಾರವಾಯಿತು, ತಲುಪಿತು ಅಂತ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು. ಸ್ವಲ್ಪ ಆರಲಿ ಅಂತ ಬಿಟ್ಟೆ. ಪೂರ್ತಿ ಆರಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಕಿರುಚುತ್ತೇನೆ. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳದ ಮನೆಯಲ್ಲಿ ಬೆಳೆದವರು ನಾವು, ಅಲ್ಲಿ ಕಿರುಚಿ ಗೆದ್ದವರು ಯಾರೂ ಇಲ್ಲ. ಚೀಟಿ ಬರೆದು ಜಗಳವಾಡಿಯೇ ಅಭ್ಯಾಸ.

ನೇರ ವಿಷಯಕ್ಕೆ ಬರುತ್ತೇನೆ. ಅಪ್ಪ ಪ್ರೆಸ್ಸಿನಿಂದ ನಿವೃತ್ತರಾದ ದಿನ ನೀನು ತೆಗೆದ ವಿಡಿಯೊ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿ ಕಳಿಸಿದ್ದೀಯ. ಸಂತೋಷ. ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ ಕಪ್ಪಾದ ಆ ಉಗುರುಗಳು, ಇಸ್ತ್ರಿ ಮಾಡಿದ ಅಂಗಿ, ಯಾರು ಏನು ಹೇಳಿದರೂ ಮೊದಲೇ ನಕ್ಕುಬಿಡುವ ಆ ಮುಖ, ಎಲ್ಲ ನೋಡಿದೆ. ಆದರೆ ಹನ್ನೊಂದನೇ ನಿಮಿಷದಲ್ಲಿ ಏನಾಗಿದೆ, ಅದನ್ನು ಹೇಳು.

ಹೊಸ ಮ್ಯಾನೇಜರು ಬಂದು ಅಪ್ಪನ ಕೈ ಕುಲುಕುತ್ತಾರೆ. ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ, "ಮಕ್ಕಳೆಷ್ಟು ನಿಮ್ಗೆ?" ಅಂತ ಕೇಳುತ್ತಾರೆ. ಅಪ್ಪ ತುಟಿ ನೋಡಿ ಅರ್ಥ ಮಾಡಿಕೊಂಡು ಕೈ ಎತ್ತುತ್ತಾರೆ. ಅಷ್ಟೇ. ಚಿತ್ರ ನಿಂತುಹೋಗುತ್ತದೆ. ಕೈ ಎದೆಯ ಹತ್ತಿರ, ಬೆರಳು ಇನ್ನೂ ಬಿಚ್ಚಿಲ್ಲ. ಹಿಂದೆ ಮುದ್ರಣ ಯಂತ್ರದ ದಡಬಡ ಕೇಳುತ್ತಲೇ ಇರುತ್ತದೆ. ಮತ್ತೆ ಚಿತ್ರ ಓಡುವಷ್ಟರಲ್ಲಿ ಅಪ್ಪನ ಕೈ ಕೆಳಗಿಳಿದಿದೆ, ಮ್ಯಾನೇಜರು "ಒಳ್ಳೇದು, ಒಳ್ಳೇದು" ಅನ್ನುತ್ತಿದ್ದಾರೆ. ಗಡಿಯಾರ ಹಿಡಿದು ಅಳೆದೆ, ನಾಲ್ಕು ಸೆಕೆಂಡು.

ಐವತ್ತು ನಿಮಿಷದ ವಿಡಿಯೊದಲ್ಲಿ ಕುರ್ಚಿ ಜೋಡಿಸುವುದು ಸ್ಪಷ್ಟ, ಯಾರೋ ಆಕಳಿಸುವುದು ಸ್ಪಷ್ಟ, ನನಗೆ ಬೇಕಾದ ನಾಲ್ಕೇ ನಾಲ್ಕು ಸೆಕೆಂಡು ಮಾಯ! ಇದು ತಾನಾಗಿ ಆದದ್ದು ಅಂತ ನಂಬಲು ನಾನೇನು ಕಿವಿಯ ಮೇಲೆ ಹೂವಿಟ್ಟುಕೊಂಡು ಕೂತಿದ್ದೇನೆಯೇ? ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿದವಳು ನಾನು. ತಟ್ಟೆಯ ಅಡಿ ಅಂಟಿಸಿದ ಅಯಸ್ಕಾಂತವನ್ನು ನೋಡಿದ್ದೇನೆ, ಟೊಳ್ಳು ಕಲ್ಲನ್ನು ನೋಡಿದ್ದೇನೆ. ಮೋಸ ಯಾವಾಗಲೂ ಬೇಕಾದ ಜಾಗದಲ್ಲೇ ಇರುತ್ತದೆ.

ಆ ನಾಲ್ಕು ಸೆಕೆಂಡಿನಲ್ಲಿ ಏನಿದೆ ಅಂತ ಮನೆಮಂದಿಗೆಲ್ಲ ಗೊತ್ತು. ಆ ವರ್ಷವೇ ಚಿಕ್ಕಮ್ಮ ನಿಮ್ಮಲ್ಲಿ ಟಿವಿಗೆ ಹಾಕಿ ನೋಡಿಕೊಂಡು ಬಂದು ನನ್ನ ಮುಂದೆ ಹೇಳಿದರು: "ನಿಮ್ಮಪ್ಪ ಮೊದ್ಲು ಎರಡು ಬೆರಳು ಎತ್ತಿದ ಕಣೇ. ಆಮೇಲೆ ಯೋಚ್ನೆ ಮಾಡಿ, ಅಷ್ಟು ಜನರ ಎದುರಿಗೆ, ಒಂದು ಬೆರಳು ಮಡಚಿಬಿಟ್ಟ." ಆ ಮಡಚಿದ ಬೆರಳು ನಾನು. ಅದಕ್ಕೇ ಆ ಮನೆಯ ಹೊಸಿಲು ತುಳಿಯಲಿಲ್ಲ. ಹೋದ ವರ್ಷ ಅಪ್ಪ ಹೋದಾಗ ಬಂದು, ಮುಖ ನೋಡಿ, ಮಧ್ಯಾಹ್ನದ ಬಸ್ಸಿಗೇ ಹೊರಟೆ. ಈಗ ಆ ಬೆರಳನ್ನು ನಾನು ಕಣ್ಣಾರೆ ನೋಡಬೇಕು. ಚಿಕ್ಕಮ್ಮ ಕಡ್ಡಿಯನ್ನು ಗುಡ್ಡ ಮಾಡಿದರೋ, ಅಪ್ಪ ನಿಜವಾಗಿಯೂ ನನ್ನನ್ನು ಮಡಚಿಟ್ಟರೋ, ತಿಳಿಯಬೇಕು. ನೋಡಿದರೆ ಅಕ್ಕನ ಎದೆ ಒಡೆಯುತ್ತದೆ ಅಂತ ನೀವು ಗಂಡ ಹೆಂಡತಿ ಸೇರಿ ಕತ್ತರಿಸಿದ್ದರೆ, ಆ ದಯೆ ನನಗೆ ಬೇಡ.

ಅಸಲು ಕ್ಯಾಸೆಟ್ ಕಳಿಸು. ಹತ್ತಿಯಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿ. ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ,
ಅನುಮಾನದ ಅಕ್ಕ

ಮರೆತಿದ್ದು: ಯಾವ ಯಂತ್ರದಲ್ಲಿ ಹಾಕಿಸಿದಿರಿ, ಯಾರು ಹಾಕಿದರು, ಆಗ ಕೋಣೆಯಲ್ಲಿ ಯಾರ್ಯಾರಿದ್ದರು, ಅದನ್ನೂ ಬರೆ.


೨೭ ಮಾರ್ಚ್

ಪ್ರೀತಿಯ ತಂಗಿಗೆ,

ಆಶೀರ್ವಾದ. ಮತ್ತೆ ತಡವಾಯಿತು. ಈ ಸಲ ಕೋಪಕ್ಕಲ್ಲ, ಕೆಲಸಕ್ಕೆ. ನಿನ್ನ ಅಕ್ಕ ಈ ವಯಸ್ಸಿನಲ್ಲಿ ಕಂಪ್ಯೂಟರಿನ ಹೊಟ್ಟೆ ಬಗೆಯಲು ಕಲಿತಿದ್ದಾಳೆ, ನಗಬೇಡ.

ಕ್ಯಾಸೆಟ್ ನಾಲ್ಕೇ ದಿನಕ್ಕೆ ಬಂತು. ಇಷ್ಟು ಬೇಗ, ಒಂದು ಮಾತೂ ಆಡದೆ ಕಳಿಸಿದಳಲ್ಲ ಅಂತ ಅದಕ್ಕೂ ಅನುಮಾನ ಬಂತು. "ಅಕ್ಕಾ, ನಾವು ಏನೂ ಕತ್ತರಿಸಿಲ್ಲ, ನಮ್ಮೆಜಮಾನ್ರು ಹೆಬ್ಬೆಟ್ಟಿನಷ್ಟಿರೋ ಒಂದು ಯುಎಸ್‌ಬಿ ಕಡ್ಡೀನ ಲ್ಯಾಪ್‌ಟಾಪಿಗೆ ಚುಚ್ಚಿ ಹಾಕಿದ್ದು, ಅಷ್ಟೇ" ಅಂತ ಮೂರು ಸಲ ಬರೆದಿದ್ದೀಯ. ಮೂರು ಸಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕ್ಯಾಸೆಟ್ಟಿನ ತಿರುಪುಗಳನ್ನು ಭೂತಗನ್ನಡಿ ಹಿಡಿದು ನೋಡಿದೆ, ಯಾರೂ ಬಿಚ್ಚಿದ ಗೀರಿಲ್ಲ. ಮೇಲೆ ಬೇರೇನೂ ಮುದ್ರಿಸದಂತೆ ಬೆನ್ನಿನ ಚೂರನ್ನು ಮುರಿದಿರುವುದೂ ಹಳೆಯದೇ. ಅಲ್ಲಿಗೆ ಕತ್ತರಿಯ ಅನುಮಾನ ಅರ್ಧ ಇಳಿಯಿತು. ಉಳಿದರ್ಧ ಆ ಕಡ್ಡಿಯ ಮೇಲೆ ಹೋಯಿತು.

ಮೊದಲು ದೊಡ್ಡ ಕಂಪ್ಯೂಟರ್ ಅಂಗಡಿಗೆ ಹೋದೆ. ಕೇಳುವ ಮೊದಲೇ ನೀರು ಕೊಟ್ಟರು, ಕುರ್ಚಿ ಒರೆಸಿದರು. ಅತಿ ವಿನಯ ನೋಡಿದಾಗಲೇ ನನಗೆ ಮೈ ಉರಿಯುತ್ತದೆ. ಒಳಗೆ ಕೆಂಪು, ನೀಲಿ ದೀಪ ಸುತ್ತುವ ಪೆಟ್ಟಿಗೆಯೊಂದನ್ನು ತೋರಿಸಿ, "ಮೇಡಂ, ಇದಕ್ಕಿಂತ ಫಾಸ್ಟ್ ಸದ್ಯಕ್ಕೆ ಇಲ್ಲವೇ ಇಲ್ಲ, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದ ಮಾರಾಟದವ. ಕಣ್ಣು ಮುಚ್ಚಿಕೊಂಡು ನಾನು ಏನನ್ನೂ ತೆಗೆದುಕೊಂಡವಳಲ್ಲ. "ಈ ಹಳೇ ಕ್ಯಾಸೆಟ್ಟಿನ ಚಿತ್ರ ಇದರೊಳಕ್ಕೆ ಯಾವ ದಾರೀಲಿ ಬರುತ್ತಪ್ಪ?" ಅಂದೆ. ಅವನು ಜೇಬಿನಿಂದ ತೆಗೆದು ತೋರಿಸಿದ್ದು ಅದೇ ಹೆಬ್ಬೆಟ್ಟಿನಷ್ಟು ಕಡ್ಡಿ! ಎದ್ದು ಬಂದೆ.

ಆಮೇಲೆ ಸಿಕ್ಕವರು ಒಬ್ಬ ರಿಪೇರಿಯವರು. ಒಂದು ಕಾಲಕ್ಕೆ ಟಿವಿ ಸ್ಟುಡಿಯೊದ ಯಂತ್ರ ನೋಡಿಕೊಳ್ಳುತ್ತಿದ್ದವರು, ಈಗ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಡೆಕ್ಕುಗಳ ರಾಶಿಯ ನಡುವೆ ಕೂರುತ್ತಾರೆ. ಏನು ಕೇಳಿದರೂ ಮೊದಲು "ಹೂಂ" ಅನ್ನುತ್ತಾರೆ. ಹಾಗಾಗಿ ನಾನಿಟ್ಟ ಹೆಸರು ಹೂಂಕಾರ. ನಾನು ಯಾವ ಕಂಪ್ಯೂಟರ್ ಕೊಳ್ಳಲಿ ಅಂದೆ.

"ಹೂಂ. ಕಂಪ್ಯೂಟರ್ ಕೊನೇಗೆ ಕೇಳಿ. ಮೊದ್ಲು ಕ್ಯಾಸೆಟ್ ಓದೋ ಡೆಕ್ಕು. ಅದು ತೊದಲಿದ್ರೆ ಕಂಪ್ಯೂಟರ್ ಏನು ಮಾಡುತ್ತೆ? ತೊದಲನ್ನೇ ಬರ್ಕೊಳ್ಳುತ್ತೆ."

ಹಳೆಯ ಟೇಪಿನಿಂದ ಬರುವ ಚಿತ್ರದ ಗೆರೆಗಳು ಕಾಲಕ್ಕೆ ಸರಿಯಾಗಿ ಬರುವುದಿಲ್ಲವಂತೆ, ಒಂದು ಬೇಗ, ಒಂದು ತಡ. ಟಿವಿ ಅದನ್ನು ಹೇಗೋ ಸಹಿಸಿಕೊಳ್ಳುತ್ತದೆ. ಆ ಕಡ್ಡಿಗೆ ಸಹನೆ ಇಲ್ಲ. ಸಿಗ್ನಲ್ ತಡವರಿಸಿದ ಕೂಡಲೇ ಹೊಸ ಚಿತ್ರವನ್ನು ಬಿಸಾಕಿ, ಹಿಂದಿನದನ್ನೇ ಹಿಡಿದು ಕೂರುತ್ತದೆ. "ನಿಮ್ಮ ತಂದೆ ಕೈ ನಿಂತಿದ್ದಲ್ಲ, ಕಡ್ಡಿ ನಿಂತಿದ್ದು" ಅಂದರು. ನಿನ್ನ ಯಜಮಾನರ ಮೇಲೆ ಹೊರಿಸಿದ್ದನ್ನು ಅಲ್ಲಿಗೆ ವಾಪಸು ತೆಗೆದುಕೊಂಡಿದ್ದೇನೆ. ಅವರಿಗೆ ಹೇಳು. ಬೇಡ, ನಾನೇ ಯಾವತ್ತಾದರೂ ಹೇಳುತ್ತೇನೆ.

ಈಗ ನನ್ನ ಊಟದ ಮೇಜಿನ ಮೇಲೆ ಏನಿದೆ ಕೇಳು. ಗೆರೆಗಳನ್ನು ನೆಟ್ಟಗೆ ಮಾಡುವ ಭಾಗ ಒಳಗೇ ಇರುವ ಒಳ್ಳೆಯ ಡೆಕ್ಕು. ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ತಂತಿಯಲ್ಲಿ ಸಾಗಿಸುವ ಎಸ್-ವಿಡಿಯೊ ಕೇಬಲ್. ನಡುವೆ ಟೈಮ್ ಬೇಸ್ ಕರೆಕ್ಟರ್ ಅನ್ನುವ ಕಬ್ಬಿಣದ ಡಬ್ಬಿ. ಟೇಪು ಎಷ್ಟೇ ಎಡವಿದರೂ ಆಚೆ ಕಡೆಗೆ ಒಂದೇ ತಾಳದಲ್ಲಿ ಚಿತ್ರ ಕೊಡುವುದು ಅದರ ಕೆಲಸ. ಕೊನೆಗೆ ಕಂಪ್ಯೂಟರ್, ಅದೂ ಇಪ್ಪತ್ತು ವರ್ಷ ಹಳೆಯದು! ಚಿತ್ರವನ್ನು ಒಳಕ್ಕೆ ಹಿಡಿದುಕೊಳ್ಳುವ ಒಳ್ಳೆಯ ಕ್ಯಾಪ್ಚರ್ ಕಾರ್ಡು ಹೊಸ ಯಂತ್ರಗಳಲ್ಲಿ ಕೂರುವುದೇ ಇಲ್ಲ. ಮುಚ್ಚಿಹೋದ ಒಂದು ಹಲ್ಲಿನ ಆಸ್ಪತ್ರೆಯಿಂದ ತಂದೆ. ಮಾರಿದವರ ಎದುರಿಗೇ ಮುಚ್ಚಳ ತೆಗೆಸಿ, ಕಾರ್ಡು ಹೊರಗೆ ಎಳೆಸಿ, ಅದರ ಅಂಚಿನ ಚಿನ್ನದ ಹಲ್ಲುಗಳು ಸವೆದಿಲ್ಲ ಅಂತ ನೋಡಿ ತಂದೆ. "ನಮ್ಮನ್ನ ನಂಬಲ್ವಾ ನೀವು?" ಅಂದರು. "ನಂಬ್ತೀನಿ, ನೋಡಿದ ಮೇಲೆ" ಅಂದೆ.

ಹೂಂಕಾರರನ್ನೂ ನಾನು ಪೂರ್ತಿ ನಂಬಲಿಲ್ಲ. ಅಪ್ಪನ ಕ್ಯಾಸೆಟ್ಟನ್ನು ಒಂದು ಪರೀಕ್ಷೆಯಿಲ್ಲದ ಯಂತ್ರದ ಬಾಯಿಗೆ ಕೊಡುವುದೇ? ತಕ್ಕಡಿಗೆ ಮೊದಲು ಸರ್ಕಾರಿ ಕಲ್ಲು ಇಡಬೇಕು, ಆಮೇಲೆ ಸಾಮಾನು. ಪಕ್ಕದ ಮನೆಯವರ ಹಳೆಯ ಕ್ಯಾಮೆರಾದಲ್ಲಿ ನನ್ನ ಅಡುಗೆಮನೆಯ ಗಡಿಯಾರವನ್ನು ಒಂದು ಗಂಟೆ ಖಾಲಿ ಕ್ಯಾಸೆಟ್ಟಿಗೆ ತುಂಬಿದೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಗಂಟೆಗೆ ತೊಂಬತ್ತು ಸಾವಿರ. ಕಂಪ್ಯೂಟರಿಗೆ ಹಾಕಿ ಎಣಿಸಿದರೆ ನಲವತ್ತಮೂರು ಕಡಿಮೆ! ಹೂಂಕಾರರನ್ನು ಕರೆಸಿ ಮುಖಕ್ಕೆ ಹಿಡಿದೆ. ಅವರು ಅಂದು ಮೊದಲ ಸಲ "ಹೂಂ" ಅನ್ನದೆ, "ಅಮ್ಮಾ, ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನ ಗಡಿಯಾರ ಇಟ್ಟು ಪರೀಕ್ಷೆ ಮಾಡಿರ್ಲಿಲ್ಲ" ಅಂದರು. ಬೇಜಾರಾಯಿತೋ ಖುಷಿಯಾಯಿತೋ ತಿಳಿಯಲಿಲ್ಲ. ಕಂಪ್ಯೂಟರ್ ತನ್ನ ಸ್ವಂತ ಕೆಲಸವನ್ನೂ ಚಿತ್ರವನ್ನೂ ಒಂದೇ ಡಿಸ್ಕಿನಲ್ಲಿ ಬರೆಯುತ್ತಿತ್ತಂತೆ. ಚಿತ್ರಕ್ಕೆಂದೇ ಎರಡನೇ ಹಾರ್ಡ್ ಡಿಸ್ಕ್ ಹಾಕಿದರು, ಇಂಟರ್‌ನೆಟ್ ತಂತಿ ಕಿತ್ತರು, ಏನನ್ನೂ ಹಿಂಡಿ ಸಣ್ಣದು ಮಾಡದ ಹಾಗೆ ಹೊಂದಿಸಿದರು. ಗಂಟೆಗೆ ಮೂವತ್ತೈದು ಜಿಬಿ ತಿನ್ನುತ್ತದೆ, ತಿನ್ನಲಿ. ಎರಡನೇ ಸಲ ಎಣಿಸಿದಾಗ ಲೆಕ್ಕ ಸರಿಹೋಯಿತು, ಒಂದೇ ಒಂದು ಆಚೀಚೆ. ಅಷ್ಟು ರಿಯಾಯಿತಿ ನಮ್ಮ ಇಲಾಖೆಯಲ್ಲೂ ಇದೆ.

ಇಷ್ಟಾದ ಮೇಲೆ ಅವರು ಅಪ್ಪನ ಕ್ಯಾಸೆಟ್ಟಿನ ಬಾಗಿಲೆತ್ತಿ, ದೀಪ ಹಿಡಿದು ನೋಡಿದರು. ಆ ಹನ್ನೊಂದನೇ ನಿಮಿಷದ ಜಾಗದಲ್ಲಿ ಟೇಪಿನ ಹೊಳಪು ಹೋಗಿದೆ. "ಇಲ್ಲಿ ಯಾರೋ ನಿಲ್ಸಿ ನಿಲ್ಸಿ ನೋಡಿದಾರೆ. ಒಂದೆರಡು ಸಲ ಅಲ್ಲ, ನೂರಾರು ಸಲ. ನಿಲ್ಸಿದಾಗ ಡೆಕ್ಕಿನ ತಲೆ ಅದೇ ಜಾಗ ಉಜ್ಜುತ್ತೆ, ಸವೆಯುತ್ತೆ. ಅದಕ್ಕೇ ಸಿಗ್ನಲ್ ತಡವರಿಸೋದು" ಅಂದರು.

ನೂರಾರು ಸಲ! ಯಾರು? ನನ್ನನ್ನು ಮಡಚಿದ ಬೆರಳನ್ನು ಅಷ್ಟು ಸಲ ನಿಲ್ಲಿಸಿ ನೋಡಿ ಖುಷಿಪಟ್ಟವರು ಯಾರು? ತಪ್ಪು ತಿಳಿಯಬೇಡ ಅಂತ ಬರೆಯುವುದಿಲ್ಲ. ನನ್ನ ಅನುಮಾನ ನಿನ್ನ ಮೇಲೆಯೇ. ನಿನಗೆ ನನ್ನ ಮೇಲೆ ಸಿಟ್ಟಿರಲು ಕಾರಣವಿದೆ. ಆರನೇ ವಯಸ್ಸಿನಿಂದ ಅಪ್ಪ ಅಮ್ಮನಿಗೆ ಬಾಯಿ ನಾನು. ಬ್ಯಾಂಕಿನಲ್ಲಿ ನಾನು, ಡಾಕ್ಟರ ಮುಂದೆ ನಾನು, ಮನೆ ಮಾಲೀಕರು ಬೈದರೆ ಅದನ್ನು ಕೈಸನ್ನೆಯಲ್ಲಿ ಮೆತ್ತಗೆ ಮಾಡಿ ಹೇಳುವವಳೂ ನಾನು. ಈ ನೌಕರಿ ಸಿಕ್ಕ ದಿನ ಚೀಲ ಹಿಡಿದು, "ನೀನಿದ್ದೀಯಲ್ಲ, ನೋಡ್ಕೋ" ಅಂತ ನಿನಗೊಂದು ಮಾತು ಎಸೆದು ಹೊರಟೆ. ನಿನಗೆ ನರ್ಸಿಂಗಿನ ಸೀಟು ಬಂದಿತ್ತು. ನೀನು ಹೋಗಲಿಲ್ಲ. ಅದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ?

ಆ ಜಾಗವನ್ನು ಸವೆಸಿದ್ದು ಯಾರು, ಮರು ಅಂಚೆಗೇ ಬರೆ. ಕಾಗೆ ಹಾರಿಸಬೇಡ.

ಶುಭವಾಗಲಿ.
ಅಕ್ಕ


೧೪ ಜೂನ್

ತಂಗಿ,

ನಿನ್ನ ಉತ್ತರ ಬಂದು ಎರಡು ತಿಂಗಳಾಯಿತು. ಅದನ್ನು ಕ್ಯಾಸೆಟ್ಟಿನ ಡಬ್ಬಿಯ ಕೆಳಗಿಟ್ಟು ಓಡಾಡುತ್ತಿದ್ದೆ. ತಡಕ್ಕೆ ಈ ಸಲ ಕ್ಷಮೆ ಕೇಳುತ್ತಿಲ್ಲ. ಓದಿದರೆ ಗೊತ್ತಾಗುತ್ತದೆ.

ನೀನು ಬರೆದಿದ್ದೆ: "ಸವೆಸಿದ್ದು ಅಪ್ಪ. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಒಬ್ಬರೇ ಹಾಕ್ಕೊಂಡು ಕೂರ್ತಿದ್ರು. ಯಾರಾದರೂ ಬಂದರೆ ಟಿವಿ ಆರಿಸಿಬಿಡೋರು. ಪ್ರೆಸ್ಸಿನವರು ನೆನಪಾಗ್ತಾರೇನೋ ಅಂತ ನಾನು ಸುಮ್ಮನಿದ್ದೆ." ಇದನ್ನೂ ನಾನು ನಂಬಲಿಲ್ಲ. ಸತ್ತವರ ಮೇಲೆ ಹೊರಿಸುವುದು ಸುಲಭ ಅಂದುಕೊಂಡೆ.

ಹೋದ ಭಾನುವಾರ ಬೆಳಿಗ್ಗೆ ಹೂಂಕಾರರು ಬಂದರು. ಡೆಕ್ಕಿನ ತಲೆ ಒರೆಸಿ, ಕ್ಯಾಸೆಟ್ ಹಾಕಿದರು. ನಾನು ಚಿತ್ರ ನೋಡಲಿಲ್ಲ, ಪರದೆಯ ಕೆಳಗಿನ ಎಣಿಕೆಯನ್ನೇ ನೋಡುತ್ತಿದ್ದೆ. ಕಳೆದುಹೋದ ಚಿತ್ರ: ಸೊನ್ನೆ. ಹತ್ತನೇ ನಿಮಿಷ, ಸೊನ್ನೆ. ಹನ್ನೊಂದು, ಸೊನ್ನೆ. ಅವರು "ಹೂಂ" ಅಂದು ನನ್ನ ಕಡೆ ತಿರುಗಿದರು. ಐವತ್ತು ನಿಮಿಷವೂ ಮುಗಿದ ಮೇಲೆ, "ಚಿತ್ರದ ಅಂಚು ಗಲೀಜಾಗಿದೆ. ಟಿವಿ ಪೆಟ್ಟಿಗೆ ನಾಲ್ಕೂ ಕಡೆ ಒಂದಿಷ್ಟು ಮುಚ್ಚಿಟ್ಟೇ ತೋರಿಸ್ತಿತ್ತು, ಕ್ಯಾಮೆರಾ ಕಣ್ಣಲ್ಲೂ ಕಾಣ್ತಿರ್ಲಿಲ್ಲ. ಈ ಕಾರ್ಡು ಮಾತ್ರ ಪೂರ್ತಿ ಹಿಡಿಯುತ್ತೆ. ಕಪ್ಪು ಪಟ್ಟಿ ಹಾಕಿ ಮುಚ್ಲಾ?" ಅಂದರು. ಬೇಡ, ಇದ್ದದ್ದು ಇದ್ದ ಹಾಗೇ ಇರಲಿ ಅಂದೆ. ಅವರನ್ನು ಕಳಿಸಿ, ಬಾಗಿಲು ಹಾಕಿಕೊಂಡು, ಆ ನಾಲ್ಕು ಸೆಕೆಂಡಿನ ನೂರು ಚಿತ್ರಗಳನ್ನು ಒಂದೊಂದಾಗಿ ನೋಡಿದೆ.

ಚಿತ್ರದ ಮೇಲೆ ಬಿಳಿ ಗೀರುಗಳಿವೆ. ಆದರೂ ಎಲ್ಲ ಕಾಣುತ್ತದೆ. ಅಪ್ಪ ಎರಡು ಬೆರಳು ಎತ್ತುತ್ತಾರೆ. ತಡವರಿಸದೆ, ನಗುತ್ತ, ಎರಡು. ಆಮೇಲೆ ಅವರು ಯೋಚಿಸುವುದಿಲ್ಲ, ಚಿಕ್ಕಮ್ಮ ಹೇಳಿದ್ದು ತಪ್ಪು. ಅವರು ಕ್ಯಾಮೆರಾ ಕಡೆ ನೋಡುತ್ತಾರೆ. ಅಷ್ಟರಲ್ಲಿ ಎಡಗಡೆಯ ಅಂಚಿನಲ್ಲಿ, ಯಾವ ಟಿವಿಯೂ ಯಾರಿಗೂ ತೋರಿಸದ ಜಾಗದಲ್ಲಿ, ಒಂದು ಬೆರಳು ಬರುತ್ತದೆ. ನೆಟ್ಟಗೆ ನಿಂತ ಒಂದೇ ಬೆರಳು. ಎರಡು ಸಲ ಅಲುಗುತ್ತದೆ. ಒಂದು. ಒಂದು. ಅಪ್ಪನ ನಗು ಹೋಗುತ್ತದೆ. ಅವರು ಆ ಬೆರಳನ್ನು ನೋಡಿ, ತಮ್ಮ ಒಂದು ಬೆರಳನ್ನು ಮಡಚುತ್ತಾರೆ.

ಕ್ಯಾಮೆರಾ ಹಿಂದೆ ಇದ್ದವಳು ನೀನೊಬ್ಬಳೇ.

ನೀನು ಇದನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೀಯೋ, ಮರೆತೇಬಿಟ್ಟಿದ್ದೀಯೋ ನನಗೆ ಗೊತ್ತಿಲ್ಲ. ಕ್ಯಾಸೆಟ್ಟನ್ನು ನಾಲ್ಕೇ ದಿನಕ್ಕೆ ಕಳಿಸಿದೆಯಲ್ಲ, ಟಿವಿಯಲ್ಲಿ ನಿನ್ನ ಬೆರಳು ಕಾಣುವುದಿಲ್ಲ ಅಂತ ಧೈರ್ಯವಿತ್ತೋ, ಕಂಡರೆ ಕಾಣಲಿ ಅಂತ ಬೇಸತ್ತಿದ್ದೆಯೋ, ಅದೂ ಗೊತ್ತಿಲ್ಲ. ಮೂರು ದಿನ ಊಟ ಸೇರಲಿಲ್ಲ. ಕೋಪ ಇಲ್ಲ ಅಂದರೆ ಸುಳ್ಳು. ಸಿಕ್ಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಆದರೆ ಲೆಕ್ಕ ಹಾಕಿದೆ: ಆಗ ನಿನಗೆ ಇಪ್ಪತ್ತೆರಡು. ನಿನ್ನ ಓದು ನಿಂತು ಮೂರು ವರ್ಷವಾಗಿತ್ತು. ಹಗಲೂ ಇರುಳೂ ಅವರ ಬಾಯಾಗಿದ್ದವಳು ನೀನು. ಅಂಥ ದಿನದಲ್ಲೂ ಅಪ್ಪ ಓಡಿಹೋದವಳನ್ನೂ ಸೇರಿಸಿ ಎರಡು ಅಂದರೆ ನಿನಗೆ ಉರಿಯದೆ ಇರುತ್ತದೆಯೇ? ನಾನಾಗಿದ್ದರೂ ಒಂದು ಅನ್ನುತ್ತಿದ್ದೆ. ಮನಸ್ಸಿಗೆ ಇದು ಗೊತ್ತಾಗುತ್ತದೆ, ಹೊಟ್ಟೆಗೆ ಇನ್ನೂ ಗೊತ್ತಾಗಿಲ್ಲ. ಸ್ವಲ್ಪ ಸಮಯ ಕೊಡು.

ಅಪ್ಪ ಮಡಚಿದ್ದು ಯಾಕೆ ಅಂತಲೂ ನನಗೆ ಗೊತ್ತು. ನಾನಿದ್ದಾಗ ನಾನು ಕಣ್ಣು ದೊಡ್ಡದು ಮಾಡಿದರೆ ಮಾತು ತಿದ್ದಿಕೊಳ್ಳುತ್ತಿದ್ದರು. ಬೆಳಗಾದರೆ ಔಷಧಿ ಅಂಗಡಿಗೆ ಯಾರನ್ನು ಕರೆದುಕೊಂಡು ಹೋಗಬೇಕೋ, ಅವರ ಮಾತು ಮೀರುವುದು ಹೇಗೆ? ಅಲ್ಲಿ ಮಡಚಿದ್ದನ್ನು ಮಧ್ಯಾಹ್ನದ ಹೊತ್ತು ಒಬ್ಬರೇ ಕೂತು, ಎರಡು ಎತ್ತಿದ ಜಾಗಕ್ಕೆ ಸರಿಯಾಗಿ ನಿಲ್ಲಿಸಿ ನೋಡಿದ್ದಾರೆ. ಅತಿ ಹೆಚ್ಚು ಸವೆದಿರುವುದು ಆ ಎರಡು ಬೆರಳಿನ ಚಿತ್ರವೇ. ಈಗ ನಿನ್ನ ಮಾತು ನಂಬುತ್ತೇನೆ. ಸವೆಸಿದ್ದು ಅಪ್ಪನೇ.

ಈ ವಿಡಿಯೊದ ಒಂದು ಪ್ರತಿ ಕಳಿಸುತ್ತಿದ್ದೇನೆ. ಅಂಚು ಕತ್ತರಿಸಿಲ್ಲ. ಮಕ್ಕಳಿಗೆ ತೋರಿಸುವುದಾದರೆ ಕಪ್ಪು ಪಟ್ಟಿ ಹಾಕಿಸಿಕೊಡುತ್ತೇನೆ, ನಮ್ಮಿಬ್ಬರ ನಡುವೆ ಇರಲಿ. ನಿನ್ನ ಯಜಮಾನರಿಗೆ ಕ್ಷಮಿಸಿ ಅಂತ ಹೇಳು, ಈ ಸಲ ನಿಜವಾಗಿಯೂ ಹೇಳು. ಮೈ ಕಡೆ ನಿಗಾ ಇರಲಿ. ದೊಡ್ಡವಳ ಪರೀಕ್ಷೆ ಚೆನ್ನಾಗಿ ಆಗಲಿ. ನೀನು ನೂರು ಕಾಲ ಚೆನ್ನಾಗಿರು, ಇದು ಬಾಯಿಮಾತಲ್ಲ.

ಇಂತಿ,
ಅಕ್ಕ

ಇನ್ನೊಂದು ವಿಷಯ. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿವೃತ್ತಿಯಾಗಿ ಒಂಬತ್ತನೇ ವರ್ಷಕ್ಕೆ ಅಪ್ಪ ನನ್ನ ಆಫೀಸಿಗೆ ಬಂದಿದ್ದರು. ನೀನು ಅವತ್ತು ಕೆಲಸಕ್ಕೆ ಹೋಗಿದ್ದಿರಬೇಕು, ನಿನಗೆ ಹೇಳಿಲ್ಲ ಅಂತ ಕಾಣುತ್ತದೆ. ಐದು ಗಂಟೆ ಬಸ್ಸಿನಲ್ಲಿ, ಕಿವಿ ಕೇಳದ ಮನುಷ್ಯ, ವಿಳಾಸದ ಚೀಟಿಯೊಂದನ್ನು ಹಿಡಿದುಕೊಂಡು ಒಬ್ಬರೇ. ನಾನು ಗಾಜಿನ ಈಚೆ ತಕ್ಕಡಿಯ ಮುಂದೆ ಕೂತಿದ್ದೆ. ಬೆಂಚಿನಿಂದ ಎದ್ದು ಬಂದು, ಚೀಲ ಕೆಳಗಿಟ್ಟು, ಎರಡು ಕೈಯನ್ನೂ ಎತ್ತಿದರು, ಮಾತಾಡಲು. ಒಂದೇ ಮಗು ಅಂದವರು ಇವರು ಅನ್ನುವುದು ನನ್ನ ತಲೆಯಲ್ಲಿತ್ತು. ಯಾರ ತೂಕವನ್ನೂ ಪರೀಕ್ಷಿಸದೆ ಒಪ್ಪದವಳು ಚಿಕ್ಕಮ್ಮನ ಆ ಒಂದು ಮಾತನ್ನು ಹಾಗೇ ನುಂಗಿದ್ದೆ. ನಾನು ಕಣ್ಣು ಮುಚ್ಚಿಕೊಂಡೆ. ನಮ್ಮ ಮನೆಯಲ್ಲಿ ಅದರ ಅರ್ಥ ಏನು ಅಂತ ನಿನಗೆ ಹೇಳಬೇಕಾಗಿಲ್ಲ, ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಮನಸ್ಸಿನಲ್ಲಿ ನೂರು ಎಣಿಸಿದೆ. ಕಣ್ಣು ಬಿಟ್ಟಾಗ ಅವರಿರಲಿಲ್ಲ. ಅವತ್ತು ಅವರ ಎದುರು ಬೆರಳು ತೋರಿಸಿ ತಿದ್ದುವವರು ಯಾರೂ ಇರಲಿಲ್ಲ, ಹೇಳಬೇಕೆಂದುಕೊಂಡು ಬಂದದ್ದನ್ನೇ ಹೇಳಿರುತ್ತಾರೆ. ನೋಡಬೇಕಾಗಿದ್ದವಳು ನಾನೊಬ್ಬಳೇ. ನಾನು ನೋಡಲಿಲ್ಲ ಕಣೇ.